ಹುಳಿ ಹಿಂಡಿದರೂ ಒಡೆಯದ ಸಾರು



ಕನ್ನಡದ ಆಡುಮಾತಿನಲ್ಲಿ ಹುಳಿಗೆ ಒಳ್ಳೆಯ ಹೆಸರಿಲ್ಲ. ಚೆನ್ನಾಗಿದ್ದ ಸ್ನೇಹವನ್ನು ಕೆಡಿಸಿದವನನ್ನು ‘ಹುಳಿ ಹಿಂಡಿದ’ ಎಂದು ದೂರುತ್ತಾರೆ. ಹಾಲಿನಂಥ ಸಂಸಾರ ಮುರಿದರೆ ಯಾರೋ ಹುಳಿ ಹಿಂಡಿದರು ಎನ್ನುತ್ತಾರೆ. ಇದೇ ಜನ ಊಟದ ಎಲೆಯ ಮುಂದೆ ಕುಳಿತಾಗ ಮಾತ್ರ ಹುಳಿಯಿಲ್ಲದೆ ತುತ್ತು ಇಳಿಯುವುದಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಬೇಳೆ, ತರಕಾರಿ ಹಾಕಿದ ಗಟ್ಟಿ ಸಾರಿನ ಹೆಸರೇ ‘ಹುಳಿ’. ಹಿರಿಯರನ್ನು ಕಾಣಲು ಹೋಗುವಾಗ ಕೈಯಲ್ಲಿ ನಿಂಬೆಹಣ್ಣು, ಆಯುಧಪೂಜೆಯ ದಿನ ಗಾಡಿಯ ಚಕ್ರದಡಿ ನಿಂಬೆಹಣ್ಣು. ಮಾತಿನಲ್ಲಿ ಕೆಡುಕಿನ ಗುರುತಾದದ್ದು ಅಡುಗೆಮನೆಯಲ್ಲಿ ರುಚಿಯಾಗಿ, ಆಚಾರದಲ್ಲಿ ಮಂಗಳವಾಗಿ ನಿಂತಿದೆ.

ಈ ವಿರೋಧ ಮೇಲ್ನೋಟದ್ದು. ಹುಳಿ ಕೆಡಿಸುವುದೂ ಉಂಟು, ಕೂಡಿಸುವುದೂ ಉಂಟು. ಅದು ನಿಂತಿರುವುದು ಯಾವಾಗ ಹಿಂಡಿದರು, ಎಷ್ಟು ನಿಧಾನವಾಗಿ ಬೆರೆಸಿದರು ಎಂಬುದರ ಮೇಲೆ. ಇದನ್ನು ಮನಗಾಣಿಸುವ ಒಂದು ಸಾರು ದೂರದ ಗ್ರೀಸ್ ದೇಶದಲ್ಲಿದೆ. ಕೋಳಿ ಬೇಯಿಸಿದ ನೀರು, ಅಕ್ಕಿ, ಮೊಟ್ಟೆ, ನಿಂಬೆರಸ: ಇಷ್ಟೇ ಅದರ ಬಂಡವಾಳ. ಅರಸೀಕೆರೆ, ಬೇಲೂರು, ಹಳೇಬೀಡಿನ ಯಾವ ಅಡುಗೆಮನೆಯಲ್ಲಾದರೂ ಇದನ್ನು ಮಾಡಬಹುದು. ಸಾಮಾನೆಲ್ಲ ಇಲ್ಲೇ ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದನ್ನು ಕೆಡದಂತೆ ಮಾಡುವ ಕೈಚಳಕವೂ ಇಲ್ಲಿಯ ಹೆಂಗಸರಿಗೆ ಬಹಳ ಹಿಂದಿನಿಂದ ಗೊತ್ತಿದೆ.

ಈ ಸಾರಿನ ಗ್ರೀಕ್ ಹೆಸರು ‘ಅವ್ಗೊಲೆಮೊನೊ’. ‘ಅವ್ಗೊ’ ಎಂದರೆ ಮೊಟ್ಟೆ, ‘ಲೆಮೊನಿ’ ಎಂದರೆ ನಿಂಬೆ. ನಮ್ಮಲ್ಲಿ ಸೊಪ್ಪುಸಾರು, ಕಾಳುಸಾರು ಎಂದು ಕರೆದಷ್ಟೇ ಸರಳವಾದ ಹೆಸರು. ನಿಂಬೆ ಮತ್ತು ಮೊಟ್ಟೆಯ ಈ ಮಿಶ್ರಣವನ್ನು ಗ್ರೀಕರು ಕೋಳಿ ಸಾರಿಗಷ್ಟೇ ಅಲ್ಲ, ದ್ರಾಕ್ಷಿ ಎಲೆಯಲ್ಲಿ ಅಕ್ಕಿ, ಮಾಂಸ ಸುತ್ತಿ ಬೇಯಿಸುವ ಖಾದ್ಯಕ್ಕೂ ಸುರಿಯುತ್ತಾರೆ. ಈಸ್ಟರ್‌ಗೆ ಮುಂಚಿನ ದೀರ್ಘ ವ್ರತದಲ್ಲಿ ಅಲ್ಲಿಯ ಸಂಪ್ರದಾಯಸ್ಥ ಕ್ರೈಸ್ತರು ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. ಹಬ್ಬದ ನಡುರಾತ್ರಿಯ ಪ್ರಾರ್ಥನೆ ಮುಗಿಸಿ ಬಂದು ವ್ರತ ಬಿಡುವುದು ‘ಮಾಗಿರಿತ್ಸಾ’ ಎಂಬ ಕುರಿಮರಿ ಮಾಂಸದ ಸಾರಿನಿಂದ. ಅದಕ್ಕೂ ಕೊನೆಯಲ್ಲಿ ಇದೇ ಮೊಟ್ಟೆ-ನಿಂಬೆ ಬೀಳುತ್ತದೆ. ಹಾಸನದ ಕಡೆಯ ಹಳ್ಳಿಗಳವರಿಗೆ ಇದು ಹೊಸದಾಗಿ ಕಾಣಲಾರದು. ಯುಗಾದಿಯ ದಿನ ಬೇವು-ಬೆಲ್ಲ, ಒಬ್ಬಟ್ಟು. ಮಾರನೆಯ ದಿನ ವರ್ಷತೊಡಕಿನ ಬಾಡೂಟ. ವ್ರತದ ಮಗ್ಗುಲಲ್ಲೇ ಮಾಂಸದ ಸಾರನ್ನು ಇಟ್ಟುಕೊಳ್ಳುವ ಪದ್ಧತಿ ಎರಡೂ ಕಡೆ ಇದೆ.

ತುರ್ಕಿಯಲ್ಲಿ ಇದೇ ಮಿಶ್ರಣವನ್ನು ‘ತೆರ್ಬಿಯೆ’ ಎನ್ನುತ್ತಾರೆ. ಆ ಪದ ಅರಬ್ಬಿ ಭಾಷೆಯದು, ಬೆಳೆಸುವುದು, ತಿದ್ದಿ ಹದಗೊಳಿಸುವುದು ಎಂದು ಅದರ ಅರ್ಥ. ಉರ್ದುವಿನ ಮೂಲಕ ಅದೇ ಪದ ಕನ್ನಡಕ್ಕೆ ಬಂದು ‘ತರಬೇತಿ’ ಎಂದಾಯಿತು. ಶಿಕ್ಷಕರ ತರಬೇತಿ, ಪೊಲೀಸ್ ತರಬೇತಿ ಎಂದು ದಿನವೂ ಬಳಸುವ ಮಾತು ತುರ್ಕಿಯ ಅಡುಗೆಮನೆಯಲ್ಲಿ ಮೊಟ್ಟೆಗೆ ನಿಂಬೆರಸ ಬೆರೆಸುವ ಕೆಲಸಕ್ಕೆ ಸಲ್ಲುತ್ತದೆ! ಹೆಸರು ಬಹಳ ಸಾರ್ಥಕವಾದದ್ದು ಎಂಬುದು ಮಾಡುವ ಕ್ರಮವನ್ನು ನೋಡಿದಾಗ ತಿಳಿಯುತ್ತದೆ.

ಈ ಸಾರು ಹುಟ್ಟಿದ್ದು ಗ್ರೀಸಿನಲ್ಲೇ ಎನ್ನಲು ಎಲ್ಲ ಪಂಡಿತರೂ ಒಪ್ಪುವುದಿಲ್ಲ. ಸ್ಪೇನಿನ ಯಹೂದಿಗಳು ‘ಅಗ್ರಿಸ್ತಾದಾ’ ಎಂಬ ಮೊಟ್ಟೆ-ಹುಳಿಯ ಗೊಜ್ಜನ್ನು ಮಾಡುತ್ತಿದ್ದರು. 1492ರಲ್ಲಿ ಸ್ಪೇನಿನ ದೊರೆಗಳು ಅವರನ್ನು ದೇಶದಿಂದ ಹೊರಗಟ್ಟಿದಾಗ ಬಹಳ ಮಂದಿ ಆಗ ತುರ್ಕರ ಆಳ್ವಿಕೆಯಲ್ಲಿದ್ದ ಥೆಸಲೋನಿಕಿ ಮುಂತಾದ ಪಟ್ಟಣಗಳಿಗೆ ಬಂದು ನೆಲೆಸಿದರು. ಅವರ ಅಡುಗೆಯಿಂದಲೇ ಗ್ರೀಕರ ಸಾರು ಬೆಳೆಯಿತೆಂದು ಆಹಾರದ ಇತಿಹಾಸ ಬರೆದ ಹಲವರು ಹೇಳುತ್ತಾರೆ. ಮನೆಮಠ ಬಿಟ್ಟು ಹೊರಟವರು ಹೊತ್ತು ತರಬಲ್ಲ ಆಸ್ತಿ ಕಡಿಮೆ. ಅಡುಗೆಯ ತಿಳಿವಳಿಕೆ ಅಂಥ ಆಸ್ತಿಗಳಲ್ಲೊಂದು.

ಸಾರಿನ ಸಾಮಾನುಗಳ ಪ್ರಯಾಣ ಇದಕ್ಕಿಂತ ಹಳೆಯದು. ಕೋಳಿ ಮೂಲತಃ ಆಗ್ನೇಯ ಏಷ್ಯಾದ ಕಾಡುಕೋಳಿಯ ವಂಶದ್ದು. ಅದು ಪಶ್ಚಿಮಕ್ಕೆ ನಡೆದು ಗ್ರೀಸನ್ನು ಸೇರಿದಾಗ ಅಲ್ಲಿಯವರಿಗೆ ಅದು ಪೂರ್ವದೇಶದ ವಿಚಿತ್ರ ಹಕ್ಕಿ. ಕ್ರಿಸ್ತಪೂರ್ವ 5ನೇ ಶತಮಾನದ ನಾಟಕಕಾರ ಅರಿಸ್ಟೋಫನೀಸ್ ಹುಂಜವನ್ನು ‘ಪರ್ಷಿಯದ ಹಕ್ಕಿ’ ಎಂದು ಕರೆದಿದ್ದಾನೆ. ಅಕ್ಕಿಯ ಪರಿಚಯ ಗ್ರೀಕರಿಗೆ ಚೆನ್ನಾಗಿ ಆದದ್ದು ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ, ಅಲೆಗ್ಸಾಂಡರನ ದಂಡಯಾತ್ರೆಯ ಕಾಲಕ್ಕೆ. ನಿಂಬೆಯ ಕುಲದ ತವರು ಹಿಮಾಲಯದ ತಪ್ಪಲು ಮತ್ತು ಅದರ ಪೂರ್ವದ ಪ್ರದೇಶ. ಮೊದಲು ಮಾದಲ ಹಣ್ಣು, ಬಹಳ ಕಾಲದ ನಂತರ ನಿಂಬೆ ಮೆಡಿಟರೇನಿಯನ್ ತೀರಕ್ಕೆ ಹೋದವು. ಅಲ್ಲಿ ನಿಂಬೆಯ ತೋಟಗಳು ಹರಡಿದ್ದು ಅರಬರ ಕಾಲದಲ್ಲಿ. ನಮ್ಮ ‘ನಿಂಬೆ’, ಪರ್ಷಿಯದ ‘ಲೀಮೂ’, ಅರಬರ ‘ಲೈಮೂನ್’, ಗ್ರೀಕರ ‘ಲೆಮೊನಿ’ ಇವು ಒಂದೇ ಬಳ್ಳಿಯ ಪದಗಳೆಂದು ಭಾಷಾಶಾಸ್ತ್ರಜ್ಞರು ಎಣಿಸುತ್ತಾರೆ. ಮೇಲೆ ಉದುರಿಸುವ ಕರಿಮೆಣಸಂತೂ ಪಶ್ಚಿಮ ಘಟ್ಟದ ಬಳ್ಳಿಯದೇ. ಹೀಗೆ ಗ್ರೀಕರ ಬಟ್ಟಲಿನಲ್ಲಿರುವ ಬಹುತೇಕ ವಸ್ತುಗಳು ಪೂರ್ವದಿಂದ ಹೋದವು. ಅವನ್ನು ಕೂಡಿಸಿದ ರೀತಿ ಅವರದು.

ಗ್ರೀಕರು ಕರಾವಳಿಗೆ ಬಂದು ಹೋಗುತ್ತಿದ್ದುದಕ್ಕೆ ಒಂದು ಸ್ವಾರಸ್ಯದ ಸಾಕ್ಷ್ಯವೂ ಇದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ 2ನೇ ಶತಮಾನದ ಒಂದು ಗ್ರೀಕ್ ಪ್ರಹಸನ 1903ರಲ್ಲಿ ಪ್ರಕಟವಾಯಿತು. ಅದರ ನಾಯಕಿ ಖಾರಿಷನ್. ಭಾರತದ ತೀರದಲ್ಲಿ ಸೆರೆಯಾದ ಅವಳನ್ನು ಬಿಡಿಸಲು ಗ್ರೀಕರು ಅಲ್ಲಿಯ ರಾಜನಿಗೆ ನೀರು ಬೆರೆಸದ ಮದ್ಯ ಕುಡಿಸಿ ಮೈಮರೆಸುತ್ತಾರೆ. ರಾಜ ಮತ್ತು ಅವನ ಜನ ಆಡುವ ಮಾತು ಕನ್ನಡವೆಂದು ಹುಲ್ಟ್ಷ್, ಆರ್. ಶಾಮಶಾಸ್ತ್ರಿ, ಎಂ. ಗೋವಿಂದ ಪೈ ಮೊದಲಾದ ವಿದ್ವಾಂಸರು ವಾದಿಸಿದರು. ಅದನ್ನು ಒಪ್ಪದವರೂ ಇದ್ದಾರೆ. ವಾದ ಹೇಗೇ ಇರಲಿ, ಒಂದು ನಾಡಿನವರು ಇನ್ನೊಂದು ನಾಡಿನ ಪಂಕ್ತಿಯಲ್ಲಿ ಕುಳಿತದ್ದು ಇಂದು ನಿನ್ನೆಯ ಮಾತಲ್ಲ.

ಈಗ ಹಾಸನ ಜಿಲ್ಲೆಯ ಕಡೆಗೆ ಬರಬಹುದು. ‘ಅರಸಿಯ ಕೆರೆ’ಯಿಂದ ಹೆಸರು ಪಡೆದ ಅರಸೀಕೆರೆ ಬಯಲುಸೀಮೆಯ ಊರು. ತೆಂಗು, ರಾಗಿ ಅಲ್ಲಿಯ ಬದುಕು. ಬೆಂಗಳೂರು-ಹುಬ್ಬಳ್ಳಿ ರೈಲು ಹಾದಿಗೆ ಹಾಸನ-ಮೈಸೂರಿನ ಹಾದಿ ಕೂಡುವುದೂ ಅಲ್ಲಿಯೇ. ಬೇಲೂರಿನ ಆಚೆಗೆ ಮಲೆನಾಡು ಆರಂಭ; ಕಾಫಿ, ಮೆಣಸು ಅಲ್ಲಿಯ ಬೆಳೆ. ಹಳೇಬೀಡು ಇವೆರಡರ ನಡುವೆ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ದೋರಸಮುದ್ರವೆನಿಸಿದ್ದ ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಗುಡಿಯ ಕೆಲಸ 1121ರ ಹೊತ್ತಿಗೆ ನಡೆದಿತ್ತು. ಅರಸೀಕೆರೆಯ ಈಶ್ವರ ದೇವಾಲಯ 1220ರದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಆ ಗುಡಿಗಳನ್ನು ಕಡೆದ ಶಿಲ್ಪಿಗಳ ಕಾಲದಲ್ಲಿ ಈ ಸೀಮೆಯ ಕೋಳಿಸಾರು ಹೇಗಿದ್ದಿರಬಹುದು? ಇಂದಿನ ಕೆಂಪು ಸಾರಿನಂತೆ ಇರಲು ಸಾಧ್ಯವೇ ಇಲ್ಲ. ಒಣಮೆಣಸಿನಕಾಯಿ, ಟೊಮ್ಯಾಟೊ ಎರಡೂ ಅಮೆರಿಕ ಖಂಡದ ಬೆಳೆಗಳು. 16ನೇ ಶತಮಾನಕ್ಕೆ ಮುಂಚೆ ಅವು ಇಲ್ಲಿ ಇರಲಿಲ್ಲ. ಖಾರಕ್ಕೆ ಕರಿಮೆಣಸು, ಶುಂಠಿ. ಹುಳಿಗೆ ಹುಣಿಸೆ, ಮಜ್ಜಿಗೆ, ನಿಂಬೆಯ ಜಾತಿಯ ಹಣ್ಣುಗಳು. ವಿಷ್ಣುವರ್ಧನನ ಸಮಕಾಲೀನನೂ ಕಲ್ಯಾಣದ ಚಾಲುಕ್ಯ ದೊರೆಯೂ ಆದ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಮಾಂಸದ ಅಡುಗೆಗಳ ವಿವರಣೆ ವಿಸ್ತಾರವಾಗಿ ಬರುತ್ತದೆ. ಅಲ್ಲಿಯೂ ಇಂಗು, ಶುಂಠಿ, ಮೆಣಸು, ಹುಳಿಯೇ ಪ್ರಧಾನ. ಬಣ್ಣದಲ್ಲಿ, ರುಚಿಯಲ್ಲಿ ಅಂದಿನ ಸಾರು ಇಂದಿನ ಕೋಳಿಸಾರಿಗಿಂತ ಗ್ರೀಕರ ಸಾರಿಗೇ ಹತ್ತಿರವಿದ್ದೀತು. ‘ನಮ್ಮದು’ ಎಂದು ಎದೆತಟ್ಟಿ ಹೇಳುವ ರುಚಿಯಲ್ಲಿ ಹೊರಗಿನಿಂದ ಬಂದದ್ದು ಎಷ್ಟು, ‘ಪರದೇಶದ್ದು’ ಎಂದು ದೂರವಿಡುವ ಬಟ್ಟಲಿನಲ್ಲಿ ಇಲ್ಲಿಂದ ಹೋದದ್ದು ಎಷ್ಟು ಎಂಬುದನ್ನು ಈ ಒಂದು ಸಂಗತಿ ತಿಳಿಸುತ್ತದೆ.

ಇನ್ನು ಒಡೆಯುವ ಮಾತು. ಹಾಲಿಗೆ ಹುಳಿ ಬಿದ್ದರೆ ಒಡೆಯುವುದೇಕೆ? ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನು ಕಣ್ಣಿಗೆ ಕಾಣದ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಆ ಕಣಗಳ ಮೇಲೆ ಒಂದೇ ಬಗೆಯ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂಡುತ್ತ ಬೇರೆಬೇರೆಯಾಗಿರುತ್ತವೆ. ಹುಳಿ ಆ ವಿದ್ಯುದಂಶವನ್ನು ಕಳೆಯುತ್ತದೆ. ಕಣಗಳು ಅಂಟಿಕೊಂಡು ಗಡ್ಡೆಯಾಗುತ್ತವೆ, ನೀರು ಬೇರೆಯಾಗುತ್ತದೆ. ಮೊಟ್ಟೆಯ ಗುಣ ಬೇರೆ. ಅದನ್ನು ಗಡ್ಡೆ ಕಟ್ಟಿಸುವುದು ಮುಖ್ಯವಾಗಿ ಬಿಸಿ. ಬಿಳಿ ಭಾಗ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಳದಿ ಭಾಗ 65ರಿಂದ 70 ಡಿಗ್ರಿಯಲ್ಲಿ ಗಟ್ಟಿಯಾಗತೊಡಗುತ್ತದೆ. ಕುದಿಯುವ ಸಾರಿಗೆ ಮೊಟ್ಟೆಯನ್ನು ನೇರವಾಗಿ ಸುರಿದರೆ ಬಿಳಿ ಎಳೆಗಳಾಗಿ ಒಡೆದು ತೇಲುತ್ತದೆ. ಆದರೆ ಮೊದಲು ನಿಂಬೆರಸದೊಂದಿಗೆ ಕಲಕಿ, ಆಮೇಲೆ ಬಿಸಿ ಸಾರನ್ನೇ ಸ್ವಲ್ಪಸ್ವಲ್ಪವಾಗಿ ಅದಕ್ಕೆ ಬೆರೆಸಿ ರೂಢಿ ಮಾಡಿಸಿದರೆ ಪ್ರೋಟೀನು ನೀರಿನಲ್ಲಿ ಹರಡಿಕೊಳ್ಳುತ್ತದೆ, ಹೆಚ್ಚಿನ ಬಿಸಿಯನ್ನೂ ತಾಳುತ್ತದೆ. ಅಕ್ಕಿಯ ಗಂಜಿ ಅದರ ನಡುವೆ ನಿಂತು ಕಣಗಳು ಬೇಗ ಅಂಟಿಕೊಳ್ಳದಂತೆ ಕಾಯುತ್ತದೆ. ತುರ್ಕರು ಹೇಳುವ ತರಬೇತಿ ಇದೇ.

ಮಜ್ಜಿಗೆಹುಳಿ ಮಾಡುವ ಮನೆಗಳಲ್ಲಿ ಈ ವಿದ್ಯೆ ಹೊಸದಲ್ಲ. ಹುಳಿ ಮಜ್ಜಿಗೆಯನ್ನು ಸುಮ್ಮನೆ ಕುದಿಸಿದರೆ ಒಡೆಯುತ್ತದೆ. ಅದಕ್ಕೇ ನೆನೆಸಿದ ಕಡಲೆಬೇಳೆ, ತೆಂಗಿನಕಾಯಿ, ಹಸಿಮೆಣಸಿನಕಾಯಿ, ಜೀರಿಗೆ ರುಬ್ಬಿ ಸೇರಿಸುತ್ತಾರೆ. ಸಣ್ಣ ಉರಿಯಲ್ಲಿ ಕಲಕುತ್ತ, ಒಂದು ಕುದಿ ಬರುತ್ತಿದ್ದಂತೆ ಇಳಿಸುತ್ತಾರೆ. ಬೇಳೆಯ ಹಿಟ್ಟು ಅಲ್ಲಿ ಮಾಡುವ ಕೆಲಸವನ್ನೇ ಗ್ರೀಕರ ಸಾರಿನಲ್ಲಿ ಅಕ್ಕಿ ಮಾಡುತ್ತದೆ. ನಿಂಬೆಹಣ್ಣಿನ ಸಾರಿನಲ್ಲೂ ಅಷ್ಟೆ. ಬೇಳೆಯ ಕಟ್ಟು, ಮೆಣಸು, ಜೀರಿಗೆ, ಶುಂಠಿ ಕುದಿದು ಪಾತ್ರೆ ಒಲೆಯಿಂದ ಇಳಿದ ಮೇಲೆಯೇ ನಿಂಬೆ ಹಿಂಡಬೇಕು. ಒಲೆಯ ಮೇಲೆ ಹಿಂಡಿ ಕುದಿಸಿದರೆ ಕಹಿ ಬರುತ್ತದೆ, ಹಣ್ಣಿನ ಪರಿಮಳವೂ ಹಾರಿಹೋಗುತ್ತದೆ. ಸೊಸೆಗೆ ಅತ್ತೆ ‘ಇಳಿಸಿ ಹಿಂಡಮ್ಮ’ ಎಂದು ಹೇಳುವ ಎರಡು ಮಾತಿನಲ್ಲಿ ಈ ಶಾಸ್ತ್ರವೆಲ್ಲ ಅಡಗಿದೆ.

ಪಾತ್ರೆಯ ವಿಚಾರದಲ್ಲಿ ಬೇಲೂರು, ಹಳೇಬೀಡಿನವರಿಗೆ ಹೇಳಬೇಕಾದ ಇನ್ನೊಂದು ಮಾತಿದೆ. ಹೊಯ್ಸಳರ ಗುಡಿಗಳು ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಉಳಿಗೆ ಸುಲಭವಾಗಿ ಒಗ್ಗುವುದರಿಂದಲೇ ಶಿಲಾಬಾಲಿಕೆಯರ ಒಡವೆಯ ಒಂದೊಂದು ಮಣಿಯನ್ನೂ ಬಿಡಿಸುವುದು ಸಾಧ್ಯವಾಯಿತು. ಇದೇ ಜಾತಿಯ ಮೆದುಗಲ್ಲನ್ನು ಕಡೆದು ಅಡುಗೆಯ ಕಲ್ಚಟ್ಟಿಗಳನ್ನೂ ಮಾಡುತ್ತಾರೆ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಇಲ್ಲದಿದ್ದರೆ ಹುಳಿ ಕಿಲುಬು ಹಿಡಿಯುತ್ತದೆ. ಅಲ್ಯೂಮಿನಿಯಂ ಹುಳಿಗೆ ಕರಗುತ್ತದೆ. ಕಲ್ಲು ಹುಳಿಗೆ ಜಗ್ಗುವುದಿಲ್ಲ. ಹುಳಿ, ಗೊಜ್ಜು, ಸಾರಿಗೆ ಹಿಂದಿನವರು ಕಲ್ಚಟ್ಟಿಯನ್ನು ಇಟ್ಟುಕೊಂಡದ್ದು ಈ ಕಾರಣಕ್ಕೆ. ಆದರೆ ಕಲ್ಲು ಬಿಸಿಯನ್ನು ಬೇಗ ಬಿಡುವುದಿಲ್ಲ. ಒಲೆಯಿಂದ ಇಳಿಸಿದ ಮೇಲೂ ಸಾರು ಒಳಗೆ ತಳಮಳ ಕುದಿಯುತ್ತಲೇ ಇರುತ್ತದೆ. ಆದ್ದರಿಂದ ಕಲ್ಚಟ್ಟಿಯಲ್ಲಿ ಈ ಸಾರು ಮಾಡುವವರು ಕುದಿ ಪೂರ್ತಿ ಅಡಗುವವರೆಗೆ ಕಾಯಬೇಕು. ಆ ತಾಳ್ಮೆ ಇಲ್ಲದವರಿಗೆ ಸ್ಟೀಲಿನ ದಪ್ಪತಳದ ಪಾತ್ರೆಯೇ ಮೇಲು.

ಮಾಡುವ ಕ್ರಮ ಹೀಗೆ. ನಾಲ್ಕರಿಂದ ಆರು ಮಂದಿಗೆ ಮೂಳೆಸಹಿತ ಒಂದು ಕಿಲೋ ಕೋಳಿ, ಎರಡೂವರೆ ಲೀಟರ್ ನೀರು, ಒಂದು ಈರುಳ್ಳಿ, ಒಂದು ಗಜ್ಜರಿ, ಹತ್ತು ಕಾಳುಮೆಣಸು, ಒಂದು ಪಲಾವ್ ಎಲೆ, ಉಪ್ಪು. ತಣ್ಣೀರಿನಲ್ಲೇ ಕೋಳಿ ಹಾಕಿ ಒಲೆಯ ಮೇಲಿಡಬೇಕು. ಕುದಿ ಬರುವಾಗ ಮೇಲೆ ಕಟ್ಟುವ ಬೂದುಬಣ್ಣದ ನೊರೆಯನ್ನು ಸೌಟಿನಿಂದ ತೆಗೆದುಬಿಟ್ಟರೆ ಸಾರು ತಿಳಿಯಾಗುತ್ತದೆ. ಆಮೇಲೆ ಉಳಿದವನ್ನು ಹಾಕಿ ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಫಾರಂ ಕೋಳಿಗೆ ಮುಕ್ಕಾಲು ಗಂಟೆ ಸಾಕು. ನಾಟಿ ಕೋಳಿಗೆ ಒಂದೂವರೆ, ಎರಡು ಗಂಟೆ ಬೇಕು. ರುಚಿಯೂ ಅದರದೇ ಹೆಚ್ಚು. ಬೆಂದ ಮೇಲೆ ಸೋಸಿ, ಮಾಂಸವನ್ನು ಮೂಳೆಯಿಂದ ಬಿಡಿಸಿ ಬೇರೆ ಇಡಬೇಕು.

ಸೋಸಿದ ನೀರಿಗೆ ತೊಳೆದ ಅಕ್ಕಿ ನೂರು ಗ್ರಾಂ ಹಾಕಿ ಮೆತ್ತಗೆ ಬೇಯಿಸಬೇಕು. ಸೋನಾ ಮಸೂರಿಯಾದರೂ ಸರಿ, ಮನೆಯಲ್ಲಿರುವ ಯಾವ ಅಕ್ಕಿಯಾದರೂ ಸರಿ. ಬೆಂದ ಮೇಲೆ ಉರಿ ಆರಿಸಿ, ಪಾತ್ರೆಯನ್ನು ಇಳಿಸಿ ಐದು ನಿಮಿಷ ಬಿಡಬೇಕು. ಅಷ್ಟರಲ್ಲಿ ಬೇರೆ ಬಟ್ಟಲಲ್ಲಿ ಮೂರು ಮೊಟ್ಟೆ ಒಡೆದು ನೊರೆ ಬರುವಂತೆ ಚೆನ್ನಾಗಿ ಕಲಕಿ, ನಿಂಬೆರಸ ಸೇರಿಸಬೇಕು. ಯುರೋಪಿನ ನಿಂಬೆ ದಪ್ಪ ಸಿಪ್ಪೆಯದು, ದೊಡ್ಡದು. ನಮ್ಮ ತೆಳುಸಿಪ್ಪೆಯ ನಿಂಬೆ, ಉದಾಹರಣೆಗೆ ವಿಜಯಪುರ ಜಿಲ್ಲೆಯ ಇಂಡಿಯ ಕಡೆಯಿಂದ ಬರುವಂಥದು, ಚಿಕ್ಕದಾದರೂ ಹುಳಿ ಹೆಚ್ಚು. ಎರಡು ಹಣ್ಣಿನ ರಸದಿಂದ ಆರಂಭಿಸಿ ರುಚಿ ನೋಡಿ ಮೂರನೆಯದನ್ನು ಹಿಂಡುವುದು ಜಾಣತನ.

ಈಗ ಒಂದು ಕೈಯಲ್ಲಿ ಮೊಟ್ಟೆ ಕಲಕುತ್ತ ಇನ್ನೊಂದು ಕೈಯಿಂದ ಬಿಸಿ ಸಾರನ್ನು ದಾರದಂತೆ ಸುರಿಯಬೇಕು. ಒಂದು ಸೌಟು, ಎರಡು ಸೌಟು, ಮೂರು ಸೌಟು. ಬಟ್ಟಲು ಮುಟ್ಟಿದರೆ ಬಿಸಿ ಎನಿಸಿದಾಗ ಮಿಶ್ರಣವನ್ನು ಪಾತ್ರೆಗೆ ನಿಧಾನವಾಗಿ ತಿರುಗಿ ಬೆರೆಸಬೇಕು. ಪಾತ್ರೆಯನ್ನು ತೀರ ಸಣ್ಣ ಉರಿಯ ಮೇಲಿಟ್ಟು ಬಿಡದೆ ಕಲಕಿದರೆ ಸಾರು ಗಟ್ಟಿಯಾಗಿ, ತಿಳಿ ಹಳದಿ ಬಣ್ಣಕ್ಕೆ ತಿರುಗಿ, ಸೌಟಿನ ಬೆನ್ನಿಗೆ ಹತ್ತಿಕೊಳ್ಳುತ್ತದೆ. ಅಲ್ಲಿಗೆ ಹದ ಬಂತು. ಗುಳ್ಳೆ ಏಳಲು ಬಿಡಬಾರದು. ಬಿಡಿಸಿಟ್ಟ ಮಾಂಸ, ಪುಡಿಮೆಣಸು ಸೇರಿಸಿ ಬಿಸಿಯಿರುವಾಗಲೇ ಬಡಿಸಬೇಕು. ಉಳಿದದ್ದನ್ನು ಮತ್ತೆ ಬಿಸಿ ಮಾಡುವಾಗಲೂ ಕುದಿಸಬಾರದು.

ಒಂದು ಎಚ್ಚರಿಕೆ. ಹಸಿಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವ ಸಾಧ್ಯತೆಯುಂಟು. ನಿಂಬೆಯ ಹುಳಿಯೊಂದೇ ಅದನ್ನು ಕೊಲ್ಲುವುದಿಲ್ಲ. ಸಾರು 71 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ಬಿಸಿಯೇರಬೇಕು. ಸೌಟಿಗೆ ಹತ್ತುವ ಹದ ಬರುವವರೆಗೆ ಅವಸರಪಡದೆ ಕಲಕುವುದು ರುಚಿಗೆ ಎಷ್ಟು ಅಗತ್ಯವೋ ಆರೋಗ್ಯಕ್ಕೂ ಅಷ್ಟೇ ಅಗತ್ಯ. ಬಾಣಂತಿಯರು, ಮಕ್ಕಳು, ವೃದ್ಧರು ಉಣ್ಣುವ ಮನೆಗಳಲ್ಲಿ ಇದನ್ನು ಮರೆಯಬಾರದು.

ಈ ಸಾರು ಹೆಚ್ಚಾಗಿ ಬೇಕಾಗುವುದು ಅಂಥವರಿಗೇ. ಗ್ರೀಕರ ಮನೆಗಳಲ್ಲಿ ಮೈಯಲ್ಲಿ ಹುಷಾರಿಲ್ಲದವರಿಗೆ ಇದನ್ನೇ ಕೊಡುತ್ತಾರೆ. ಇಲ್ಲಿಯೂ ಜ್ವರ ಬಿಟ್ಟು ಎದ್ದವರಿಗೆ, ಬಾಣಂತಿಗೆ ಮೆಣಸು, ಬೆಳ್ಳುಳ್ಳಿ ಹಾಕಿದ ನಾಟಿ ಕೋಳಿಯ ತಿಳಿಸಾರು ಕೊಡುವುದು ಮಾಂಸ ಉಣ್ಣುವ ಮನೆಗಳ ರೂಢಿ. ಮಾಂಸ ಮುಟ್ಟದ ಮನೆಗಳಲ್ಲಿ ಅದೇ ಸ್ಥಾನ ಬೇಳೆಕಟ್ಟಿನ ನಿಂಬೆಸಾರಿಗೆ. ಬಾಯಿ ಕೆಟ್ಟವನಿಗೆ ಮೊದಲು ರುಚಿ ಹತ್ತಿಸುವುದು ಹುಳಿ. ಕಾಯಿಲೆಯವನ ಮುಂದೆ ಬಟ್ಟಲಿಟ್ಟು, ಅವನು ಎರಡನೆಯ ಸಲ ಕೇಳುತ್ತಾನೋ ಇಲ್ಲವೋ ಎಂದು ಕಾದು ನೋಡುವ ತಾಯಿಗೆ ಅಡುಗೆಯ ಹದ ಎಂಬುದು ಬರಿಯ ರುಚಿಯ ಮಾತಲ್ಲ.

ಕನ್ನಡದಲ್ಲಿ ಅಡುಗೆಯ ಶಾಸ್ತ್ರವನ್ನು ಬರೆದಿಟ್ಟವರು ಇಲ್ಲದಿಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ಬರೆದ. ಅದು ಜೈನಕವಿಯ ಶಾಕಾಹಾರದ ಗ್ರಂಥ. ಮಾನಸೋಲ್ಲಾಸ ಅರಮನೆಯ ಊಟದ ಗ್ರಂಥ. ಒಕ್ಕಲಿನ ಮನೆಯ ಕೋಳಿಸಾರಿಗೆ, ಜ್ವರದವನ ತಿಳಿಸಾರಿಗೆ ಅಂಥ ಗ್ರಂಥವಿಲ್ಲ. ಅದು ಕೈಯಳತೆಯಲ್ಲಿ, ಕಣ್ಣಂದಾಜಿನಲ್ಲಿ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ನಡೆದು ಬಂದಿದೆ. ಮಕ್ಕಳು ಬೆಂಗಳೂರು ಸೇರಿ, ಸಾರಿನಪುಡಿ ಪೊಟ್ಟಣದಲ್ಲಿ ಬರುವ ಮನೆಗಳಲ್ಲಿ ಆ ಸರಪಳಿಯ ಕೊಂಡಿ ಸಡಿಲವಾಗುತ್ತದೆ. ಪೊಟ್ಟಣದ ಮೇಲೆ ಎಷ್ಟು ಚಮಚ ಎಂದು ಬರೆದಿರುತ್ತದೆ. ಪಾತ್ರೆ ಇಳಿಸಿದ ಮೇಲೆ ಎಷ್ಟು ಹೊತ್ತು ಕಾಯಬೇಕು, ಕೈ ಯಾವ ವೇಗದಲ್ಲಿ ಆಡಬೇಕು ಎಂಬುದು ಬರೆದಿರುವುದಿಲ್ಲ.

ಸ್ಪೇನಿನಿಂದ ಹೊರಬಿದ್ದವರು ತಮ್ಮ ಹುಳಿಗೊಜ್ಜನ್ನು ಉಳಿಸಿಕೊಂಡದ್ದು ಮಾಡುತ್ತ ಹೋದದ್ದರಿಂದ. ಗ್ರೀಕರ ಸಾರನ್ನು ಇಲ್ಲಿ ಮಾಡಿ ನೋಡುವುದರಿಂದ ಇಲ್ಲಿಯ ಸಾರಿಗೇನೂ ಕುಂದಿಲ್ಲ. ಮಾಡುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಜ್ಜಿಗೆಹುಳಿ ಒಡೆಯದಂತೆ ಅವರು ಏನು ಮಾಡುತ್ತಿದ್ದರು, ನಿಂಬೆ ಯಾವಾಗ ಹಿಂಡುತ್ತಿದ್ದರು ಎಂದು ಕೇಳಬೇಕು. ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಆ ಹಾಳೆ ಅಡುಗೆಮನೆಯ ಗೂಡಿನಲ್ಲಿ ಇದ್ದರೆ ಸಾಕು, ಮುಂದೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದ ದಿನ ಅದು ಕೈಗೆ ಸಿಗುತ್ತದೆ.